ಎರಡನೇ ಸಲ ಕೇಳಿದಾಗಲೂ ನಗು ಬರಬೇಕು: ಒಂದು ಕಾಮಿಡಿ ಮೆಟಲ್-ಪಂಕ್ ಆಲ್ಬಮ್‌ನ ಪ್ರಕರಣ ಅಧ್ಯಯನ

ಈ ಬ್ಯಾಂಡ್ ಇವತ್ತಿಗೂ ಹಾಡುತ್ತಿದೆ. ಅದಕ್ಕೇ ಹೆಸರು ಹೇಳುತ್ತಿಲ್ಲ. ಊರು ಯಾವುದು, ಹಾಡುಗಳ ಶೀರ್ಷಿಕೆ ಏನು ಅನ್ನೋದನ್ನೂ ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ಹಾಡಿನ ವಿಷಯ ಬದಲಿಸಿದ್ದೇನೆ. ನಾಲ್ವರನ್ನೂ ಅವರವರ ಕೆಲಸದ ಹೆಸರಿನಿಂದಲೇ ಕರೆಯುತ್ತೇನೆ: ಗಾಯಕ, ಗಿಟಾರಿಸ್ಟ್, ಬಾಸಿಸ್ಟ್, ಡ್ರಮ್ಮರ್. ನಾನು ಇವರ ಆಲ್ಬಮ್ ಮಿಕ್ಸ್ ಮಾಡಿದವನು, ಅಂದರೆ ರೆಕಾರ್ಡ್ ಆದ ದನಿ, ವಾದ್ಯಗಳನ್ನು ಹದವಾಗಿ ಬೆರೆಸಿದವನು. ಮುಖ್ಯ ತೀರ್ಮಾನಗಳಾಗುವಾಗ ಹೆಚ್ಚುಕಮ್ಮಿ ಅದೇ ರೂಮಿನಲ್ಲಿದ್ದೆ. ಕೆಲವು ಸಲ ಬಾಯಿ ಹಾಕಿದೆ, ಕೆಲವು ಸಲ ಸುಮ್ನೆ ಕೂತು ನೋಡಿದೆ.

ಬರೆಯೋದಕ್ಕೆ ಕಾರಣ ಇದೆ. ತಮಾಷೆ ಹಾಡು ಮಾಡುವ ಬ್ಯಾಂಡ್‌ಗಳಿಗೆ ಸ್ಟೇಜ್ ಮೇಲೆ ಸಿಕ್ಕಿದ ನಗು ರೆಕಾರ್ಡಿಂಗ್‌ನಲ್ಲಿ ಸಿಗೋದು ಕಷ್ಟ. ಸಿಕ್ಕರೂ ಒಂದೇ ಸಲ. ಆದರೆ ಹಾಡನ್ನು ಯಾರೂ ಒಂದೇ ಸಲ ಕೇಳೋದಿಲ್ಲ ಅಲ್ವಾ? ಜೋಕನ್ನು ಹತ್ತು ಸಲ ಹೇಳಿದರೆ ಜನ ಎದ್ದು ಹೋಗುತ್ತಾರೆ, ಹಾಡನ್ನು ಹತ್ತು ಸಲ ಕೇಳಿದರೆ ಮಾತ್ರ ಅದು ಅವರದ್ದಾಗುತ್ತದೆ. ಈ ಎರಡನ್ನೂ ಒಂದೇ ಆಲ್ಬಮ್‌ನಲ್ಲಿ ಹೊಂದಿಸೋದು ಹೇಗೆ? ಈ ನಾಲ್ವರಿಗೆ ಎದುರಾದ ಪ್ರಶ್ನೆ ಅದು. ಮೊದಮೊದಲು ಪ್ರಶ್ನೆ ಅದೇ ಅಂತ ಅವರಿಗೂ ಗೊತ್ತಿರಲಿಲ್ಲ.

ಹಿನ್ನೆಲೆ

ಮೆಟಲ್‌ನಲ್ಲಿ, ಅಂದರೆ ಅಬ್ಬರದ ಗಿಟಾರ್‌ನ ಭಾರೀ ರಾಕ್‌ನಲ್ಲಿ, ತಮಾಷೆ ಹೊಸದಲ್ಲ. 1984ರಲ್ಲಿ ಸ್ಪೈನಲ್ ಟ್ಯಾಪ್ ಅನ್ನುವ ಕಾಲ್ಪನಿಕ ಬ್ಯಾಂಡ್ ಕುರಿತ ಸಿನಿಮಾ ಬಂತು. ಅದರ ನಟರು ತಾವೇ ನುಡಿಸಿದರು, ತಾವೇ ಹಾಡಿದರು. ಅದೇ ವರ್ಷ ಅಮೆರಿಕದ ರಿಚ್‌ಮಂಡ್‌ನಲ್ಲಿ ಗ್ವಾರ್ ಬ್ಯಾಂಡ್ ಹುಟ್ಟಿತು. ರಬ್ಬರ್ ವೇಷ, ಸ್ಟೇಜ್ ತುಂಬ ನಕಲಿ ರಕ್ತ, ಆದರೆ ಹಿಂದೆ ನುಡಿಯುತ್ತಿದ್ದದ್ದು ಅಪ್ಪಟ ಮೆಟಲ್. 1985ರಲ್ಲಿ ಆಂಥ್ರಾಕ್ಸ್ ಬ್ಯಾಂಡ್‌ನ ಇಬ್ಬರು ಸೇರಿಕೊಂಡು ಮಾಡಿದ ಸ್ಟಾರ್ಮ್‌ಟ್ರೂಪರ್ಸ್ ಆಫ್ ಡೆತ್, ಥ್ರ್ಯಾಶ್ (ವೇಗದ ಮೆಟಲ್) ಮತ್ತು ಪಂಕ್ (ಚುಟುಕಾದ, ಒರಟು ರಾಕ್) ಎರಡನ್ನೂ ಬೆರೆಸಿ ಕೆಲವೇ ಸೆಕೆಂಡುಗಳ ಹಾಡುಗಳನ್ನೂ ಹಾಕಿತು. 1987ರಲ್ಲಿ ನೇಪಾಮ್ ಡೆತ್ 1.316 ಸೆಕೆಂಡಿನ ಹಾಡನ್ನೇ ಆಲ್ಬಮ್‌ಗೆ ಸೇರಿಸಿತು. ಗಿನ್ನೆಸ್ ಪುಸ್ತಕಕ್ಕೆ ಹೋದದ್ದು ಇದೇ.

ಇದನ್ನೆಲ್ಲ ಹೇಳಿದ್ದು ಇತಿಹಾಸದ ಪಾಠ ಒಪ್ಪಿಸೋದಕ್ಕಲ್ಲ. ಮೆಟಲ್ ನಗಿಸುವ ಬಗೆ ಬೇರೆ, ಪಂಕ್ ನಗಿಸುವ ಬಗೆ ಬೇರೆ. ಮೆಟಲ್‌ನದ್ದು ಬೆಟ್ಟ ಅಗೆದು ಇಲಿ ಹಿಡಿಯುವ ತಮಾಷೆ. ಬೆಟ್ಟ ಎಷ್ಟು ದೊಡ್ಡದೋ ಇಲಿ ಅಷ್ಟು ನಗು ತರಿಸುತ್ತದೆ. ಹಾಗಾಗಿ ಬೆಟ್ಟ ನಿಜವಾಗಿಯೂ ಬೆಟ್ಟವೇ ಆಗಿರಬೇಕು. ಪಂಕ್ ಹಾಗಲ್ಲ. ಏನೋ ಹೇಳುತ್ತದೆ, ನೀವು ಅರ್ಥ ಮಾಡಿಕೊಳ್ಳುವ ಮೊದಲೇ ಮುಗಿಸಿ ಎದ್ದು ಹೋಗುತ್ತದೆ. ನಮ್ಮ ಬ್ಯಾಂಡ್‌ಗೆ ಎರಡೂ ಬೇಕಿತ್ತು.

ಸ್ಟುಡಿಯೋಗೆ ಬಂದಾಗ ಇವರ ಕೈಯಲ್ಲಿ 22 ಹಾಡುಗಳಿದ್ದವು. ಪಾಸ್‌ವರ್ಡ್ ಮರೆತವನ ಡೆತ್ ಮೆಟಲ್. ರಾತ್ರಿ ಕಿವಿ ಹತ್ತಿರ ಗುಂಯ್‌ಗುಡುವ ಸೊಳ್ಳೆಯ ಬಗ್ಗೆ ಒಂದು ಬ್ಲ್ಯಾಕ್ ಮೆಟಲ್. ಟಿವಿ ರಿಮೋಟ್ ಹುಡುಕುವ ಮಹಾಕಾವ್ಯ. ಒಂದು ಈಮೇಲ್‌ನಲ್ಲಿ ಮುಗಿಯಬಹುದಾಗಿದ್ದ ಮೀಟಿಂಗ್ ಬಗ್ಗೆ 24 ಸೆಕೆಂಡಿನ ಪಂಕ್. ಹಾಡುಗಳ ನಡುವೆ ಹಾಕೋದಕ್ಕೆ ಅಂತ ಒಂದಷ್ಟು ಮಾತಿನ ತುಣುಕುಗಳು ಬೇರೆ. ಸ್ಟೇಜ್ ಮೇಲೆ ಇವರಿಗೆ ಒಳ್ಳೆ ಹೆಸರಿತ್ತು. ಗಾಯಕನ ಮುಖ ನೋಡಿದರೇ ಜನ ನಗುತ್ತಿದ್ದರು. ಅವನು ಮಾತ್ರ ನಗುತ್ತಿರಲಿಲ್ಲ, ಅದು ಅವನ ದೊಡ್ಡ ಗುಣ.

ಎಲ್ಲಿ ಕೈಕೊಟ್ಟಿತು

ರೆಕಾರ್ಡಿಂಗ್ ಚೆನ್ನಾಗಿಯೇ ಆಯಿತು. ಡ್ರಮ್ಮರ್ ಕ್ಲಿಕ್‌ಗೆ (ಕಿವಿಯಲ್ಲಿ ತಾಳ ಹಾಕುವ ಟಿಕ್‌ಟಿಕ್ ಸದ್ದಿಗೆ) ಅಂಟಿಕೊಂಡು ನುಡಿಸಿದ. ಗಿಟಾರನ್ನು ಡ್ರಾಪ್ ಸಿ ಅನ್ನುವ ತಗ್ಗಿನ ಶ್ರುತಿಗೆ ಇಳಿಸಿ, ಒಂದೇ ರಿಫನ್ನು (ಮತ್ತೆಮತ್ತೆ ಬರುವ ಗಿಟಾರ್ ತುಣುಕನ್ನು) ಎರಡು ಸಲ ಬೇರೆಬೇರೆಯಾಗಿ ನುಡಿಸಿ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಇಟ್ಟೆವು. ಮೊದಲ ಮಿಕ್ಸ್ ಕೇಳಿ ಗಿಟಾರಿಸ್ಟ್ ಕುಣಿದಾಡಿದ.

ಆಮೇಲೆ ಅದನ್ನು ಎರಡು ಗುಂಪಿಗೆ ಕೇಳಿಸಿದರು. ಸ್ಟೇಜ್ ಶೋ ನೋಡಿದ್ದ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬ್ಯಾಂಡ್ ಬಗ್ಗೆ ಏನೂ ಗೊತ್ತಿಲ್ಲದವರು ಮರ್ಯಾದೆಯಿಂದ ತಲೆ ಆಡಿಸಿ "ಸೌಂಡ್ ಸಖತ್ತಾಗಿದೆ" ಅಂದರು. ಅವರಲ್ಲೊಬ್ಬರಿಗೆ ಇದು ಕಾಮಿಡಿ ಅಂತಲೇ ಗೊತ್ತಾಗಲಿಲ್ಲ. ಸೊಳ್ಳೆ ಹಾಡು ಯಾವುದೋ ದೆವ್ವದ ಬಗ್ಗೆ ಇರಬೇಕು ಅಂದುಕೊಂಡಿದ್ದರು.

ಗಾಯಕನಿಗೆ ಇದು ನಾಟಿತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಗೆಳೆಯರ ಗುಂಪು. ಅದೇ ಮಿಕ್ಸನ್ನು ಇನ್ನೊಮ್ಮೆ ಹಾಕಿದಾಗ ಅವರೂ ಮಾತಿಗೆ ಇಳಿದರು. ಫೋನ್ ನೋಡಿಕೊಂಡರು. ಅಂದರೆ ತೊಂದರೆ ಎರಡಿತ್ತು. ಹೊಸಬರಿಗೆ ಜೋಕ್ ಕೇಳಿಸುತ್ತಿಲ್ಲ, ಹಳಬರಿಗೆ ಜೋಕ್ ಮುಗಿದುಹೋಗಿದೆ. ಬ್ಯಾಂಡ್ ಹಿಡಿದುಕೊಂಡದ್ದು ಮೊದಲನೆಯದನ್ನು ಮಾತ್ರ. ಸಹಜವೇ, ಅದು ಕಣ್ಣಿಗೆ ಕಾಣುವ ತೊಂದರೆ.

ಮಾಡಿ ನೋಡಿದ್ದು

ಮೊದಲು ನನ್ನ ಕಡೆಗೇ ತಿರುಗಿದರು. "ವಾಯ್ಸ್ ಜಾಸ್ತಿ ಮಾಡು." ಮಾಡಿದೆ. ಇಲ್ಲೊಂದು ತಾಂತ್ರಿಕ ಸಂಗತಿ ಇದೆ. ಮಾತು ಅರ್ಥವಾಗೋದು ವ್ಯಂಜನಗಳಿಂದ. ಕ, ತ, ಸ, ಪ ಇಂಥವು ಸ್ಪಷ್ಟವಾಗಿ ಕೇಳೋದಕ್ಕೆ ಸುಮಾರು 2,000ರಿಂದ 5,000 ಹರ್ಟ್ಸ್ ಜಾಗ ಖಾಲಿ ಇರಬೇಕು. ಡಿಸ್ಟಾರ್ಷನ್ ಹಾಕಿ ಒರಟಾಗಿಸಿದ ಗಿಟಾರ್ ಮತ್ತು ಡ್ರಮ್‌ನ ಸಿಂಬಲ್ ತಟ್ಟೆಗಳು ಠಿಕಾಣಿ ಹೂಡೋದೂ ಅಲ್ಲೇ. ಇನ್ನು ಗ್ರೌಲ್ ಮಾಡುವಾಗ, ಅಂದರೆ ಗಂಟಲಿನಿಂದ ಗುರುಗುಟ್ಟಿ ಹಾಡುವಾಗ, ಸ್ವರತಂತುಗಳ ಮೇಲಿರುವ ಮಡಿಕೆಗಳೂ ಸೇರಿ ಅದುರುತ್ತವೆ, ಬಾಯಿಯ ಆಕಾರ ಬದಲಾಗುತ್ತದೆ, ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವಾಯ್ಸ್ ಏರಿಸಿ, ಗಿಟಾರ್‌ನಿಂದ ಆ ಜಾಗವನ್ನು ಒಂಚೂರು ಕೊರೆದು ತೆಗೆದಾಗ ಪದಗಳೇನೋ ಕೇಳಿದವು. ಗಿಟಾರ್ ಮಾತ್ರ ಪಕ್ಕದ ಮನೆಗೆ ಹೋಯಿತು. ಬೆಟ್ಟ ಕುಗ್ಗಿತು, ಅದರ ಜೊತೆಗೆ ನಗುವೂ ಹೋಯಿತು. ಪದ ಕೇಳಿಸಿದ ಮೇಲೂ ಯಾರೂ ನಗಲಿಲ್ಲ ಅನ್ನೋದೇ ಈ ಪ್ರಕರಣದಲ್ಲಿ ನಮಗೆ ಸಿಕ್ಕ ಮೊದಲ ಸುಳಿವು. ಆಗ ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ.

ಆಮೇಲೆ ಗಾಯಕ ಗ್ರೌಲ್ ಬಿಟ್ಟು ಸಾದಾ ದನಿಯಲ್ಲಿ ಹಾಡಿ ನೋಡಿದ. ಮೆಟಲ್ ಹಾಡುಗಳು ಜಾಹೀರಾತಿನ ಹಾಗೆ ಕೇಳಿದವು. ಅದನ್ನು ಒಂದೇ ಸಂಜೆಯಲ್ಲಿ ಕೈಬಿಟ್ಟರು. ಪದಗಳನ್ನು ಪರದೆ ಮೇಲೆ ತೋರಿಸುವ ವೀಡಿಯೋ ಮಾಡೋಣ ಅಂತಲೂ ಮಾತು ಬಂತು. ನೋಡುವವರಿಗೆ ಸರಿ, ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುವವರಿಗೆ ಏನು ಮಾಡೋದು?

ಇನ್ನೊಂದು ಉಪಾಯ ಮಾತಿನ ತುಣುಕುಗಳು. ಹಾಡು ಶುರುವಾಗುವ ಮೊದಲು ಅರ್ಧ ನಿಮಿಷದ ಸಂಭಾಷಣೆ ಇಟ್ಟು ವಿಷಯ ಏನು ಅಂತ ಹೇಳಿಬಿಡೋದು. ಇದು ಬೇಗ ಕೆಲಸ ಮಾಡಿತು. ಹೊಸಬರೂ ನಕ್ಕರು. ಬ್ಯಾಂಡ್ ಇನ್ನೇನು ಒಪ್ಪಿಕೊಂಡೇಬಿಟ್ಟಿತ್ತು. ಆಗ ಬಾಸಿಸ್ಟ್ ಒಂದು ಕೆಲಸ ಮಾಡಿದಳು. ಇಡೀ ಪಟ್ಟಿಯನ್ನು ಫೋನ್‌ಗೆ ಹಾಕಿಕೊಂಡು ಒಂದು ವಾರ ಓಡಾಡುವಾಗ ಕೇಳಿದಳು. ವಾಪಸ್ ಬಂದು, "ನಮ್ಮ ಆಲ್ಬಮ್‌ನಲ್ಲಿ ನಾನೇ ಸ್ಕಿಪ್ ಬಟನ್ ಒತ್ತುತ್ತಿದ್ದೇನೆ ಕಣೋ" ಅಂದಳು. ತುಣುಕು ಬಂದ ಕೂಡಲೇ ಬೆರಳು ತಾನಾಗಿ ಹೋಗುತ್ತಿತ್ತಂತೆ. ಶಫಲ್ ಹಾಕಿದರಂತೂ ಇನ್ನೂ ಎಡವಟ್ಟು. ಪಾಸ್‌ವರ್ಡ್‌ನ ಸಂಭಾಷಣೆ ಆದ ಮೇಲೆ ಸೊಳ್ಳೆ ಹಾಡು ಬರುತ್ತಿತ್ತು.

ಆವತ್ತು ಎರಡನೇ ತೊಂದರೆಗೆ ಮೊದಲ ಸಲ ಹೆಸರು ಸಿಕ್ಕಿತು. ಗಾಯಕ ಒಪ್ಪಲಿಲ್ಲ. ತುಣುಕುಗಳನ್ನೆಲ್ಲ ಬರೆದವನು ಅವನೇ. ಆ ವಾದ ಹಲವು ದಿನ ನಡೆಯಿತು.

ಡ್ರಮ್ಮರ್ ಕೈ ನಿಲ್ಲಿಸಿದ್ದು

ಸೊಳ್ಳೆ ಹಾಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ದಾರಿ ತಿರುಗಿದ್ದು ಅಲ್ಲಿ.

ಹಾಡಿನ ವೇಗ ನಿಮಿಷಕ್ಕೆ 200 ಬೀಟ್. ಬ್ಲಾಸ್ಟ್ ಬೀಟ್ (ಬಿಡುವಿಲ್ಲದ ಅತಿ ವೇಗದ ಡ್ರಮ್ ಹೊಡೆತ) ಮೇಲೆ ಟ್ರೆಮೊಲೊ ಗಿಟಾರ್ (ಒಂದೇ ಸ್ವರವನ್ನು ವೇಗವಾಗಿ ಉಜ್ಜೋದು), ಅದರ ಮೇಲೆ ಗಾಯಕನ ಕಿರುಚಾಟ. ಸಾಹಿತ್ಯದಲ್ಲಿ ಸೊಳ್ಳೆಗೆ ಬೈಗುಳದ ಸುರಿಮಳೆ. ಬೈಗುಳಗಳು ನಿಜಕ್ಕೂ ಚೆನ್ನಾಗಿದ್ದವು. ಒಂದೂ ಕೇಳುತ್ತಿರಲಿಲ್ಲ.

ಒಂದು ದಿನ ಎರಡನೇ ಚರಣದ ಮಧ್ಯೆ ಡ್ರಮ್ಮರ್ ನುಡಿಸೋದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದ. ಅವನ ಕೋಲು ಜಾರಿತ್ತು ಅಷ್ಟೇ. ಗಿಟಾರಿಸ್ಟ್ ಗಮನಿಸದೆ ಮೊದಲ, ಅಂದರೆ ಅತಿ ತೆಳುವಾದ, ತಂತಿಯಲ್ಲಿ ಒಂದೇ ಸ್ವರವನ್ನು ಉಜ್ಜುತ್ತಲೇ ಇದ್ದ. ಸದ್ದಿನ ಮಧ್ಯೆ ಆ ಒಂದು ಸ್ವರ ಒಂಟಿಯಾಗಿ ಉಳಿಯಿತು. ರೂಮಿನಲ್ಲಿದ್ದವರೆಲ್ಲ ಒಟ್ಟಿಗೆ ನಕ್ಕೆವು, ಅದು ಸೊಳ್ಳೆಯೇ ಆಗಿತ್ತು.

ಇದರಲ್ಲಿ ಕಾಕತಾಳೀಯ ಜಾಸ್ತಿ ಇಲ್ಲ. ಹೆಣ್ಣು ಸೊಳ್ಳೆಯ ರೆಕ್ಕೆ ಸೆಕೆಂಡಿಗೆ ಸುಮಾರು 400ರಿಂದ 600 ಸಲ ಬಡಿಯುತ್ತದೆ, ನಮಗೆ ಕೇಳುವ ಗುಂಯ್ ಅದರದ್ದೇ. ಡ್ರಾಪ್ ಸಿಗೆ ಇಳಿಸಿದ ಗಿಟಾರ್‌ನ ಮೊದಲ ತಂತಿಯ ಏಳನೇ ಫ್ರೆಟ್ (ಬೆರಳು ಒತ್ತುವ ಮನೆ) 440 ಹರ್ಟ್ಸ್, ಅಂದರೆ ಸೆಕೆಂಡಿಗೆ 440 ಕಂಪನ. ಗಿಟಾರಿಸ್ಟ್ ಬೆರಳು ಇದ್ದದ್ದು ಅಲ್ಲೇ. ಬೇಕು ಅಂತ ಹುಡುಕಿದ್ದರೂ ಇಷ್ಟು ಹತ್ತಿರ ಬರುತ್ತಿರಲಿಲ್ಲವೇನೋ.

ಆಮೇಲೆ ಅದನ್ನು ಹಿಡಿದು ಇಡೀ ಹಾಡನ್ನೇ ಮತ್ತೆ ಕಟ್ಟಿದರು. ಚರಣ ಪೂರ್ತಿ ಅಬ್ಬರ. ಒಮ್ಮೆಲೇ ಎಲ್ಲ ನಿಲ್ಲುತ್ತದೆ. ಆ ಒಂದೇ ಸ್ವರ, ತೀರಾ ಸಣ್ಣದಾಗಿ, ಎಡಗಿವಿಯಿಂದ ಬಲಗಿವಿಗೆ ಹಾರುತ್ತದೆ. ಸ್ನೇರ್ ಡ್ರಮ್‌ನ ಒಂದೇ ಏಟು: ಫಟ್! ಮೌನ. ಕೇಳುವವನು ಸತ್ತಿತು ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಮತ್ತೆ ಗುಂಯ್. ತಕ್ಷಣ ಬ್ಲಾಸ್ಟ್ ಬೀಟ್. ಗಾಯಕ ಏನು ಬೈಯುತ್ತಿದ್ದಾನೆ ಅನ್ನೋದು ಈಗಲೂ ಕೇಳೋದಿಲ್ಲ. ಕೇಳಬೇಕಾಗಿಯೂ ಇಲ್ಲ, ಯಾಕೆ ಬೈಯುತ್ತಿದ್ದಾನೆ ಅಂತ ಎಲ್ಲರಿಗೂ ಗೊತ್ತು.

ಮೌನ ಎಷ್ಟು ಹೊತ್ತು ಇರಬೇಕು ಅನ್ನೋದರ ಮೇಲೆ ಇನ್ನೊಂದು ಸುತ್ತು ಜಗಳ. ಸ್ಟೇಜ್ ಮೇಲೆ ಅವರು ಇದನ್ನು ಆಡಿ ನೋಡಿದಾಗ ಎರಡು ಬಾರ್, ಅಂದರೆ ಎಂಟು ಬೀಟ್, ನಿಲ್ಲಿಸುತ್ತಿದ್ದರು. ಜನ ನಗೋದಕ್ಕೆ ಜಾಗ ಬೇಕಲ್ಲ, ಗಾಯಕ ಅಷ್ಟು ಹೊತ್ತು ಗಾಳಿಯಲ್ಲಿ ಕಣ್ಣಾಡಿಸುತ್ತಾ ನಿಂತಿರುತ್ತಿದ್ದ. ರೆಕಾರ್ಡಿಂಗ್‌ನಲ್ಲೂ ಅಷ್ಟೇ ಇಟ್ಟರು. ಕೇಳಿದಾಗ ಫೈಲ್ ಕೆಟ್ಟಿದೆ ಅನ್ನಿಸಿತು. ಇಯರ್‌ಫೋನ್‌ನಲ್ಲಿ ಕೇಳುವವನ ಪಕ್ಕ ನಗುವ ಜನ ಇಲ್ಲ, ಕಣ್ಣಾಡಿಸುವ ಗಾಯಕನೂ ಇಲ್ಲ. 200 ಬೀಟ್ ವೇಗದಲ್ಲಿ ಒಂದು ಬಾರ್ ಅಂದರೆ 1.2 ಸೆಕೆಂಡು. ಎರಡು ಬಾರ್ ಅಂದರೆ 2.4. ಕೊನೆಗೆ ಮೂರು ಬೀಟ್‌ಗೆ ಇಳಿಸಿದೆವು, 0.9 ಸೆಕೆಂಡು. ಅಷ್ಟರಲ್ಲಿ ಮನಸ್ಸು "ಸತ್ತಿತು" ಅನ್ನುತ್ತದೆ, "ಯಾಕೆ ನಿಂತಿತು" ಅಂತ ಕೇಳುವಷ್ಟು ಹೊತ್ತು ಸಿಗೋದಿಲ್ಲ.

ಮಾಸ್ಟರಿಂಗ್‌ನಲ್ಲಿ, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದದಲ್ಲಿ, ಇದು ಇನ್ನೊಂದು ಸಲ ಕೈತಪ್ಪುವುದರಲ್ಲಿತ್ತು. ಮಾಸ್ಟರಿಂಗ್ ಮಾಡುವವರು ರೂಢಿಯಂತೆ ಎಲ್ಲವನ್ನೂ ಒತ್ತಿ ಜೋರು ಮಾಡಿದರು, ಸೊಳ್ಳೆ ಗಿಟಾರ್‌ನಷ್ಟೇ ಗಾತ್ರಕ್ಕೆ ಬೆಳೆಯಿತು. ವಾಪಸ್ ಕಳಿಸಿದೆವು. ಸ್ಪಾಟಿಫೈ ಥರದ ಕಡೆ ಹೇಗೂ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಜೋರನ್ನು -14 ಲಫ್ಸ್ (ಜೋರಿನ ಅಳತೆ) ಆಸುಪಾಸಿಗೆ ಇಳಿಸುತ್ತಾರೆ. ಅದಕ್ಕಿಂತ ಒತ್ತಿ ನಮಗೆ ಸಿಗೋದೇನೂ ಇಲ್ಲ, ಹೋಗೋದು ಮಾತ್ರ ಈ ಸಣ್ಣ-ದೊಡ್ಡ ವ್ಯತ್ಯಾಸ.

ಹದಿನೈದು ನಿಮಿಷ

ಸೊಳ್ಳೆ ಹಾಡಿನ ನಂತರ ಬ್ಯಾಂಡ್ ಪ್ರತಿ ಹಾಡಿನ ಮೇಲೂ ಒಂದೇ ಪ್ರಶ್ನೆ ಹಾಕತೊಡಗಿತು: ಪದಗಳನ್ನೆಲ್ಲ ತೆಗೆದುಹಾಕಿದರೆ ಇಲ್ಲಿ ತಮಾಷೆ ಏನಾದರೂ ಉಳಿಯುತ್ತದಾ? ಉಳಿಯದ ಹಾಡುಗಳು ಒಂದೊಂದೇ ಕಳಚಿದವು. 22ರಲ್ಲಿ ಆಲ್ಬಮ್‌ಗೆ ಬಂದದ್ದು 14.

ಪಾಸ್‌ವರ್ಡ್ ಹಾಡು ಈ ಪರೀಕ್ಷೆಯಲ್ಲಿ ಅರ್ಧ ಪಾಸಾಯಿತು. ಅದರಲ್ಲಿ ತಣ್ಣನೆಯ, ವಿನಯದ ಹೆಣ್ಣು ದನಿಯೊಂದು "ಕನಿಷ್ಠ ಎಂಟು ಅಕ್ಷರಗಳಿರಲಿ" ಅನ್ನುತ್ತದೆ. ಅದು ಬಾಸಿಸ್ಟ್‌ಳದ್ದು. ಉತ್ತರವಾಗಿ ಗ್ರೌಲ್. "ಒಂದು ಅಂಕಿ ಸೇರಿಸಿ." ಗ್ರೌಲ್. "ಹಳೆಯ ಪಾಸ್‌ವರ್ಡ್ ಬಳಸುವಂತಿಲ್ಲ." ಉದ್ದನೆಯ ಗ್ರೌಲ್. ಗ್ರೌಲ್‌ನ ಪದ ತಿಳಿಯದಿದ್ದರೂ ಏನಾಗುತ್ತಿದೆ ಅಂತ ಗೊತ್ತಾಗುತ್ತದೆ. ಸ್ಪಷ್ಟವಾಗಿ ಕೇಳಬೇಕಾದ್ದನ್ನೆಲ್ಲ ಸಾದಾ ದನಿಗೆ ಕೊಟ್ಟು, ಗ್ರೌಲ್‌ಗೆ ಬರೀ ಸಿಟ್ಟನ್ನು ಬಿಟ್ಟರು. ಆದರೆ ಹಾಡಿಗೆ ಕೊನೆ ಇರಲಿಲ್ಲ. ಗಾಯಕ ಅದನ್ನೇ ಗೊಣಗುತ್ತಿದ್ದಾಗ ಬಾಸಿಸ್ಟ್ ಅಂದಳು: "ಖಾತೆ ಲಾಕ್ ಆಗಲಿ. ಹದಿನೈದು ನಿಮಿಷ ಬಿಟ್ಟು ಪ್ರಯತ್ನಿಸಿ ಅಂತ ಹೇಳ್ತೀನಿ, ಅಲ್ಲಿಗೇ ಕತ್ತರಿಸಿ."

"ಆಮೇಲೆ?"

"ಹದಿನೈದು ನಿಮಿಷ ಬಿಟ್ಟು ಶುರು ಮಾಡೋಣ."

ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಡ್ರಮ್ಮರ್ ಎದ್ದು ಹೋಗಿ ಗೋಡೆಯ ಮೇಲಿದ್ದ ಹಾಡುಗಳ ಪಟ್ಟಿ ಕಿತ್ತುಕೊಂಡು ಬಂದ.

ಹಾಗೇ ಮಾಡಿದರು. ಹಾಡು ಬಾರ್‌ನ ಮೂರನೇ ಬೀಟ್‌ನಲ್ಲಿ ಕತ್ತರಿಸಿಕೊಂಡು ನಿಲ್ಲುತ್ತದೆ. ಆಲ್ಬಮ್ ಏನೂ ಆಗದ ಹಾಗೆ ಮುಂದೆ ಹೋಗುತ್ತದೆ. ಸರಿಯಾಗಿ 15 ನಿಮಿಷಕ್ಕೆ ನಾಲ್ಕನೇ ಬೀಟ್‌ನಿಂದ ಅದೇ ರಿಫ್ ಮತ್ತೆ ಶುರು, 40 ಸೆಕೆಂಡಿನ ಬೇರೆ ಟ್ರ್ಯಾಕ್ ಆಗಿ.

ಇದಕ್ಕೆ ಪಟ್ಟ ಪಾಡು ಸಣ್ಣದಲ್ಲ. ಎಲ್‌ಪಿ ಕೂಡ ಮಾಡಿಸುವ ಯೋಚನೆ ಇತ್ತು. ಎಲ್‌ಪಿಯ ಒಂದು ಮುಖಕ್ಕೆ ಸುಮಾರು 22 ನಿಮಿಷದ ಒಳಗಿದ್ದರೆ ಒಳ್ಳೆಯದು, ಉದ್ದವಾದಷ್ಟೂ ಸದ್ದು ಇಳಿಸಬೇಕಾಗುತ್ತದೆ. ಮಧ್ಯೆ ಎದ್ದು ಪ್ಲೇಟ್ ತಿರುಗಿಸಿದರೆ ಲೆಕ್ಕ ತಪ್ಪುತ್ತದೆ, ಹಾಗಾಗಿ ಎರಡು ತುಂಡುಗಳೂ ಒಂದೇ ಮುಖದಲ್ಲಿ ಬರಬೇಕು. ಅಂದರೆ ಪಾಸ್‌ವರ್ಡ್ ಹಾಡು ಮೊದಲನೆಯದೇ ಆಗಬೇಕು. ಮಧ್ಯದ ಹಾಡುಗಳು, ಅವುಗಳ ನಡುವಿನ ಬಿಡುವು ಎಲ್ಲ ಕೂಡಿ 15 ನಿಮಿಷಕ್ಕೆ ನಿಲ್ಲಬೇಕು. ಒಂದು ಹಾಡಿನಿಂದ ಗಿಟಾರ್ ಸೋಲೋ ತೆಗೆಯಬೇಕಾಯಿತು. ಗಿಟಾರಿಸ್ಟ್ ಮುಖ ಊದಿಸಿಕೊಂಡ. ಮಾತಿನ ತುಣುಕುಗಳು ಒಂದು ಬಿಟ್ಟು ಎಲ್ಲ ಹೋದವು. ಈ ಸಲ ಗಾಯಕನೇ ಕೈಯಾರೆ ಹೊಡೆದುಹಾಕಿದ. ವಾದದಲ್ಲಿ ಸೋತು ಮಾಡಿದ್ದಲ್ಲ ಅದು, ತುಣುಕುಗಳಿಗಿಂತ ದೊಡ್ಡ ಜೋಕ್ ಕಣ್ಣೆದುರು ಇತ್ತು. ಇದನ್ನು ನಾನು ಮುಖ್ಯ ಅಂತ ಎಣಿಸುತ್ತೇನೆ. ಒಬ್ಬರು ಪ್ರೀತಿಯಿಂದ ಬರೆದದ್ದನ್ನು "ಕೆಲಸ ಮಾಡ್ತಿಲ್ಲ" ಅಂತ ಹೇಳಿ ಬಿಡಿಸೋದು ಆಗದ ಮಾತು. ಅದಕ್ಕಿಂತ ಒಳ್ಳೆಯದು ಸಿಕ್ಕರೆ ತಾವೇ ಬಿಡುತ್ತಾರೆ.

ಶಫಲ್‌ನಲ್ಲಿ ಕೇಳುವವರಿಗೆ ಈ ಜೋಕ್ ಸಿಗೋದಿಲ್ಲ. ಅವರಿಗೆ ಅರ್ಧಕ್ಕೆ ನಿಂತ ಒಂದು ಹಾಡು, ಬುಡವಿಲ್ಲದ ಒಂದು ತುಂಡು ಸಿಗುತ್ತದೆ. ಬ್ಯಾಂಡ್ ಅದನ್ನು ತಿಳಿದೇ ಒಪ್ಪಿಕೊಂಡಿತು.

ರಿಮೋಟ್, ರಾಗ, ಹಕ್ಕು

ರಿಮೋಟ್ ಮಹಾಕಾವ್ಯ ಮೊದಲು ಹೀಗಿರಲಿಲ್ಲ. ಬಹಳ ಜನಪ್ರಿಯವಾದ ಒಂದು ರಾಕ್ ಹಾಡಿನ ರಾಗಕ್ಕೆ ರಿಮೋಟ್ ಹುಡುಕುವ ಸಾಹಿತ್ಯ ತೊಡಿಸಿದ್ದರು. ಸ್ಟೇಜ್‌ನಲ್ಲಿ ಅತಿ ಜಾಸ್ತಿ ಚಪ್ಪಾಳೆ ಗಿಟ್ಟಿಸಿದ್ದೂ ಅದೇ. ಆಲ್ಬಮ್‌ಗೆ ಹಾಕುವಾಗ ಕಾನೂನಿನ ಪ್ರಶ್ನೆ ಬಂತು. ಇದ್ದ ಹಾಡನ್ನು ಇದ್ದ ಹಾಗೆ ಕವರ್ ಮಾಡೋದಕ್ಕೆ ಸಿಗುವ ಪರವಾನಗಿ, ಸಾಹಿತ್ಯವನ್ನೇ ಬದಲಿಸಿದರೆ ಅನ್ವಯಿಸೋದಿಲ್ಲ. ಅಣಕು ಹಾಡಿಗೆ ಕೆಲವು ದೇಶಗಳಲ್ಲಿ ರಕ್ಷಣೆ ಇದೆ. ಟೂ ಲೈವ್ ಕ್ರೂ ಅನ್ನುವ ರ‍್ಯಾಪ್ ತಂಡದ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1994ರಲ್ಲಿ, ದುಡ್ಡಿಗಾಗಿ ಮಾಡಿದ ಅಣಕವೂ ನ್ಯಾಯಬದ್ಧ ಬಳಕೆ ಆಗಬಹುದು ಅಂದಿತು. ಬ್ರಿಟನ್ 2014ರಲ್ಲಿ ಅಣಕಕ್ಕೆ ಕಾನೂನಿನಲ್ಲೇ ಜಾಗ ಮಾಡಿತು. ಆದರೆ ಅಮೆರಿಕದ ತೀರ್ಪಿನಲ್ಲಿ ಒಂದು ಗಂಟಿದೆ: ಅಣಕ ಮೂಲ ಹಾಡನ್ನೇ ಸ್ವಲ್ಪವಾದರೂ ಚುಚ್ಚಬೇಕು. ಬೇರೆ ಯಾವುದನ್ನೋ ಗೇಲಿ ಮಾಡೋದಕ್ಕೆ ಸಿದ್ಧ ರಾಗವನ್ನು ಎತ್ತಿಕೊಂಡರೆ ಆ ರಕ್ಷಣೆ ತೆಳುವಾಗುತ್ತದೆ. ನಮ್ಮವರು ಗೇಲಿ ಮಾಡುತ್ತಿದ್ದದ್ದು ರಿಮೋಟನ್ನು, ಆ ಹಾಡನ್ನಲ್ಲ. ಅಣಕವನ್ನೇ ವೃತ್ತಿ ಮಾಡಿಕೊಂಡ ವಿಯರ್ಡ್ ಆಲ್ ಯಾಂಕೊವಿಕ್ ಕೂಡ ಮೂಲದವರ ಒಪ್ಪಿಗೆ ಕೇಳಿಯೇ ಮುಂದುವರಿಯುತ್ತಾರೆ.

ಒಪ್ಪಿಗೆ ಕೇಳಿ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಗಿಟಾರಿಸ್ಟ್ ತಾನೇ ಹೊಸ ರಾಗ ಹಾಕಿದ. ಒಂದು ಹಾಡಿಗೆ ಒಡೆಯರಿರುತ್ತಾರೆ, ಪವರ್ ಮೆಟಲ್ ಅನ್ನುವ ವೀರಗಾಥೆ ಶೈಲಿಯ ಠೀವಿಗೆ ಯಾರೂ ಒಡೆಯರಿಲ್ಲ. ಕುದುರೆ ಓಟದ ರಿಫ್, ಹಿಂದೆ ಕೋರಸ್, ಮಧ್ಯದಲ್ಲಿ ಗುರುವಿನಿಂದ ಉಪದೇಶ, ಸೋಫಾ ಕೆಳಗಿನ ಪಾತಾಳಲೋಕಕ್ಕೆ ಇಳಿಯುವ ಭಾಗ. ಒಂಬತ್ತು ನಿಮಿಷ. ಕೊನೆಗೆ ರಿಮೋಟ್ ನಾಯಕನ ಕೈಯಲ್ಲೇ ಇರುತ್ತದೆ.

ಇದೇ ಹೊತ್ತಿಗೆ ಇನ್ನೊಂದು ಹಾಡು ಬಿತ್ತು. ಗಾಯಕ ಹಿಂದೆ ಕೆಲಸ ಮಾಡಿದ್ದ ಕಡೆಯ ಮೇಲಧಿಕಾರಿಯೊಬ್ಬರ ನಡಿಗೆ, ಮಾತು ಎಲ್ಲ ಅದರಲ್ಲಿತ್ತು. ಗೊತ್ತಿದ್ದವರು ಥಟ್ಟನೆ ಗುರುತು ಹಿಡಿಯುತ್ತಿದ್ದರು. ಗೊತ್ತಿಲ್ಲದವರಿಗೆ ಯಾರನ್ನೋ ಸುಮ್ಮಸುಮ್ಮನೆ ಆಡಿಕೊಂಡ ಹಾಗಿತ್ತು. ಅದನ್ನು ತೆಗೆದರು. ಉಳಿದ ಹಾಡುಗಳಲ್ಲೆಲ್ಲ ಪೆದ್ದನಾಗೋದು ಹಾಡುವವನೇ. ಇದು ಬರೀ ಸಭ್ಯತೆಯ ಪ್ರಶ್ನೆಯಲ್ಲ. ಬೇರೆಯವರನ್ನು ಆಡಿಕೊಳ್ಳುವ ಹಾಡು ಎರಡನೇ ಸಲಕ್ಕೆ ಕಹಿಯಾಗುತ್ತದೆ, ತನ್ನನ್ನೇ ಆಡಿಕೊಂಡದ್ದು ಅಷ್ಟು ಬೇಗ ಹಳಸೋದಿಲ್ಲ.

ಪಂಕ್‌ನ ಪಾಲು

ಪಂಕ್ ಹಾಡುಗಳನ್ನು ಮೊದಲು ಮೆಟಲ್ ಹಾಡುಗಳ ಹಾಗೇ ರೆಕಾರ್ಡ್ ಮಾಡಿದ್ದೆವು. ಕ್ಲಿಕ್, ಪದರಪದರ ಗಿಟಾರ್, ತಿದ್ದಿದ ಡ್ರಮ್. ಇಸ್ತ್ರಿ ಹಾಕಿದ ಹಾಗಾಯಿತು. ಎಲ್ಲ ಅಳಿಸಿ ನಾಲ್ವರೂ ಒಂದೇ ರೂಮಿನಲ್ಲಿ ನಿಂತು, ಕ್ಲಿಕ್ ಇಲ್ಲದೆ ಒಟ್ಟಿಗೆ ನುಡಿಸಿದರು. ಜೀವ ಬಂತು, ಆದರೆ ಎರಡು ಬೇರೆ ಬ್ಯಾಂಡ್‌ಗಳ ಆಲ್ಬಮ್ ಅನ್ನಿಸತೊಡಗಿತು. ಬಾಸ್‌ನ ಸದ್ದು ಮತ್ತು ಸ್ನೇರ್ ಎರಡನ್ನೂ ಆಲ್ಬಮ್ ಉದ್ದಕ್ಕೂ ಒಂದೇ ಇಟ್ಟಾಗ ಅದು ಬಹುಮಟ್ಟಿಗೆ ಸರಿಹೋಯಿತು.

24 ಸೆಕೆಂಡಿನ ಮೀಟಿಂಗ್ ಹಾಡಿನ ಮೇಲೆ ಮಾತ್ರ ದುಡ್ಡಿನ ಮಾತು ಬಂತು. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಮಾತ್ರ ಒಂದು ಸಲ ಕೇಳಿದ ಲೆಕ್ಕ. 24 ಸೆಕೆಂಡಿನ ಹಾಡನ್ನು ಎಷ್ಟು ಸಲ ಕೇಳಿದರೂ ಸೊನ್ನೆ. ಪಲ್ಲವಿ ಇನ್ನೊಂದು ಸಲ ಹಾಡಿ 33ಕ್ಕೆ ಎಳೆದರು. ಮೀಟಿಂಗ್ ಬೇಗ ಮುಗಿಯಲಿ ಅನ್ನುವ ಹಾಡು ತಾನೇ ಎಳೆಯತೊಡಗಿತು. ಅದೂ ಒಂದು ಜೋಕ್ ಅಂತ ಗಾಯಕ ವಾದ ಮಾಡಿದ. ಯಾರೂ ಒಪ್ಪಲಿಲ್ಲ. ಹೇಗೂ 2024ರಿಂದ ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಿರದ ಹಾಡಿಗೆ ಅಲ್ಲಿ ದುಡ್ಡು ಬರೋದಿಲ್ಲ. ಬರಬಹುದಾಗಿದ್ದ ಪುಡಿಗಾಸಿಗಾಗಿ ಹಾಡು ಕೆಡಿಸೋದು ಬೇಡ ಅಂತ 24ರಲ್ಲೇ ಬಿಟ್ಟರು.

ಏನಾಯಿತು

ಆಲ್ಬಮ್ ಬಂತು, ಒಟ್ಟು 38 ನಿಮಿಷ. ದುಡ್ಡಿನ ವಿಷಯದಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಖರ್ಚಿನ ಬಹುಪಾಲು ಟೀಶರ್ಟ್ ಮಾರಾಟದಿಂದ ವಾಪಸ್ ಬಂತು.

ಕೇಳಿದವರು ಏನು ಹೇಳಿದರು ಅನ್ನೋದು ಕುತೂಹಲದ ವಿಷಯ. ಮೊದಲ ಸಲ ಕೇಳಿದವರು ಸೊಳ್ಳೆ ಹಾಡಿನ ಮಾತೆತ್ತಿದರು. ಹದಿನೈದು ನಿಮಿಷದ ಜೋಕ್ ಬಹಳ ಜನಕ್ಕೆ ಮೊದಲ ಸಲ ಹೊಳೆಯಲೇ ಇಲ್ಲ, "ಆ ರಿಫ್ ಮತ್ತೆ ಬಂತಲ್ಲ, ಯಾಕೆ?" ಅಂದರು. ಮತ್ತೊಮ್ಮೆ ಕೇಳಿ, ಗಡಿಯಾರ ನೋಡಿಕೊಂಡು, ಇನ್ನೊಬ್ಬರಿಗೆ ಹೇಳಿದರು. ಹೇಳಿಸಿಕೊಂಡವರು ಪರೀಕ್ಷೆ ಮಾಡೋದಕ್ಕಾಗಿಯೇ ಆಲ್ಬಮ್ ಹಾಕಿಕೊಂಡರು. ನಗು ಮೊದಲ ಸಲಕ್ಕಿಂತ ಎರಡನೇ ಸಲ ಜಾಸ್ತಿಯಾದದ್ದು ನಾನು ಕಂಡದ್ದು ಇಲ್ಲೇ. ಶೋಗಳಲ್ಲೂ ಹಾಗೇ ಮಾಡತೊಡಗಿದರು. ಪಾಸ್‌ವರ್ಡ್ ಹಾಡು ಅರ್ಧಕ್ಕೆ ನಿಲ್ಲುತ್ತದೆ, ಹದಿನೈದು ನಿಮಿಷ ಆಗುತ್ತಿದ್ದಂತೆ ಮುಂದಿನ ಸಾಲಿನವರು ಬೇರೆ ಯಾವ ಹಾಡು ನಡೆಯುತ್ತಿದ್ದರೂ ಕೂಗೋದಕ್ಕೆ ಶುರು ಮಾಡುತ್ತಾರೆ.

ಸೋತದ್ದೂ ಇದೆ. ಉಳಿಸಿಕೊಂಡಿದ್ದ ಒಂದೇ ಮಾತಿನ ತುಣುಕನ್ನು ಜನ ನಿಷ್ಕರುಣೆಯಿಂದ ದಾಟಿಸಿದರು. ಆಲ್ಬಮ್ ಶಫಲ್‌ನಲ್ಲಿ ಕೇಳಿದ ಕೆಲವರು ಫೈಲ್ ಅರ್ಧ ಇದೆ ಅಂತ ದೂರು ಕೊಟ್ಟರು. ಅಣಕು ರಾಗದ ಹಳೇ ರಿಮೋಟ್ ಹಾಡೇ ಚೆನ್ನಾಗಿತ್ತು ಅನ್ನುವ ಹಳೇ ಅಭಿಮಾನಿಗಳು ಈಗಲೂ ಇದ್ದಾರೆ.

ಇದೇ ದಾರಿಯಲ್ಲಿ ಹೊರಟವರಿಗೆ ಈ ಪ್ರಕರಣದಿಂದ ಉಪಯೋಗಕ್ಕೆ ಬರಬಹುದಾದ್ದು ಇಷ್ಟು ಅಂತ ನನ್ನ ಲೆಕ್ಕ. ಪದ ಕೇಳುತ್ತಿಲ್ಲ ಅಂದಾಗ ಮಿಕ್ಸ್ ಮಾಡುವವರ ಹತ್ತಿರ ಹೋಗುವ ಮೊದಲು ಹಾಡಿನ ಕಟ್ಟನ್ನು ನೋಡಿ. ಸಂಗೀತ ಹಿಂದೆ ಸರಿಯಬೇಕಾದ ಜಾಗದಲ್ಲಿ ಸರಿಯುತ್ತಿದೆಯಾ ಅಂತ ಕೇಳಿ. ನಗಿಸೋದಕ್ಕಾಗಿ ಮೆಟಲ್ ಅನ್ನು ತೆಳು ಮಾಡಬೇಡಿ, ಅದು ಗಂಭೀರವಾಗಿ ಇದ್ದಷ್ಟೂ ನಿಮಗೇ ಲಾಭ. ಸ್ಟೇಜ್‌ನ ಬಿಡುವುಗಳನ್ನು ಅಳತೆ ಬದಲಿಸದೆ ರೆಕಾರ್ಡಿಂಗ್‌ಗೆ ತರಬೇಡಿ. ಮತ್ತೆ, ಶೋ ನೋಡಿರದವರಿಗೆ ಕೇಳಿಸಿ. ಶೋ ನೋಡಿದವರಿಗೂ ಕೇಳಿಸಿ, ಆದರೆ ಎರಡೆರಡು ಸಲ.

ರಿಮೋಟ್ ಹಾಡಿನ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಮಧ್ಯದಲ್ಲೇ ಎದ್ದು ಹೋಗುವವರು ಬಹಳ, ಅದು ಬ್ಯಾಂಡ್‌ಗೂ ಗೊತ್ತು. ಆರು ನಿಮಿಷಕ್ಕೆ ಇಳಿಸಬೇಕಿತ್ತು ಅಂತ ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಗಿಟಾರಿಸ್ಟ್ ಕೇಳೋದಿಲ್ಲ. ಕೊನೆವರೆಗೂ ಕೂತವರೇ ಶೋಗಳಲ್ಲಿ ಅದನ್ನು ಕೂಗಿ ಕೇಳುತ್ತಾರೆ, ಒಂಬತ್ತು ನಿಮಿಷ ಹುಡುಕಿದ್ದಕ್ಕೇ ಕೊನೆಗೆ ಕೈಯಲ್ಲಿ ಸಿಕ್ಕಾಗ ನಗು ಬರೋದು ಅನ್ನೋದು ಅವನ ವಾದ. ಮುಂದಿನ ಆಲ್ಬಮ್‌ಗೆ ಅದರ ಎರಡನೇ ಭಾಗ ಬರೆಯುತ್ತಿದ್ದಾನೆ. ರಿಮೋಟ್ ಸಿಕ್ಕಿದೆ, ಬ್ಯಾಟರಿ ಇಲ್ಲ. ಸದ್ಯಕ್ಕೆ ಹನ್ನೊಂದು ನಿಮಿಷ ಆಗಿದೆ.